ಮೇಟ್ರನ್ ಮತ್ತು ಪುಕ್ಕಟೆ ನಕ್ಷೆ

ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಮುಖ್ಯಸ್ಥೆಯಾಗಿದ್ದಷ್ಟು ಕಾಲ, ಮೇಟ್ರನ್ ಬಂದರು ಎಂದರೆ ದೊಡ್ಡ ದೊಡ್ಡ ಸರ್ಜನ್ನರೂ ತೊಳೆದ ಕೈಯನ್ನೇ ಇನ್ನೊಮ್ಮೆ ತೊಳೆದುಕೊಳ್ಳುತ್ತಿದ್ದರು. ಅಂಥ ಹೆಂಗಸು ನಿವೃತ್ತಿಯಾದ ಮೇಲೆ ಒಬ್ಬ ಮೆದು ಮಾತಿನ ಆರ್ಕಿಟೆಕ್ಟ್ ಮುಂದೆ ಬಾಯಿ ಸತ್ತವರಂತಾದದ್ದನ್ನು ಅವರ ಯಜಮಾನರು ಕಣ್ಣಾರೆ ಕಂಡರು. ಕಂಡು ಒಳಗೊಳಗೇ ಖುಷಿಯನ್ನೂ ಪಟ್ಟರು.

ನಿವೃತ್ತಿಯಾಯಿತೆಂದು ಮೇಟ್ರನ್ ಸುಮ್ಮನೆ ಕೂರಲಿಲ್ಲ. ನಾಲ್ಕಾರು ಗೆಳತಿಯರನ್ನು ಸೇರಿಸಿ ಒಂದು ಸಂಸ್ಥೆ ಕಟ್ಟಿದರು. ವೀಲ್‌ಚೇರ್, ಊರುಗೋಲು, ರೋಗಿಯ ಮಂಚ, ಏನು ಬೇಕೋ ಒಯ್ದು, ವಾಸಿಯಾದ ಮೇಲೆ ತಂದಿಟ್ಟರಾಯಿತು. ಬಾಡಿಗೆಗೆ ಹಿಡಿದ, ಹಿಂದೆ ಬಟ್ಟೆ ಅಂಗಡಿಯಾಗಿದ್ದ ಮಳಿಗೆಯೊಂದು ಅವರ ಕಚೇರಿ. ಅದರ ಬಾಗಿಲಿಗೋ ಎದೆಯುದ್ದದ ಮೆಟ್ಟಿಲು. ವೀಲ್‌ಚೇರ್ ಕೊಡುವ ಜಾಗಕ್ಕೇ ವೀಲ್‌ಚೇರ್ ಹತ್ತುವುದಿಲ್ಲ ಎಂದು ಬೀದಿಯವರು ನಗುತ್ತಿದ್ದರು. ಎತ್ತಿ ಇಳಿಸುವ ಕೆಲಸ ಯಜಮಾನರ ಪಾಲಿಗೆ ಬಂದು, ಅವರ ಸೊಂಟ ಹಿಡಿದುಕೊಂಡಿತ್ತು.

ಆಗ ಬಂದವನು ಈ ಆರ್ಕಿಟೆಕ್ಟ್. ಅವನ ತಾಯಿ ಇಲ್ಲಿಂದಲೇ ವಾಕರ್ ಒಯ್ದಿದ್ದರಂತೆ. "ಮೇಡಂ, ವೀಲ್‌ಚೇರ್ ಹತ್ತೋ ಹಾಗೆ ಒಂದು ಇಳಿಜಾರಿನ ನಕ್ಷೆ ನಾನು ಮಾಡಿಕೊಡ್ತೀನಿ. ಫೀಸಿನ ಮಾತೇ ಬೇಡ," ಅಂದ. ಮೇಟ್ರನ್‌ಗೆ ಕಣ್ಣು ತುಂಬಿ ಬಂತು. ಏನು ಬೇಕು, ಯಾವಾಗ ಬೇಕು ಎಂದು ಹೇಳುವ ಗೋಜಿಗೇ ಹೋಗದೆ, "ನಿಮ್ಮಿಷ್ಟ ಬಂದ ಹಾಗೆ ಮಾಡಿ," ಅಂದುಬಿಟ್ಟರು.

ಮೊದಲ ನಕ್ಷೆಯಲ್ಲಿ ಇಳಿಜಾರು ಬಸವನಹುಳುವಿನಂತೆ ಕಟ್ಟಡವನ್ನು ಸುತ್ತಿಕೊಂಡಿತ್ತು. "ತುಂಬಾ ಚೆನ್ನಾಗಿದೆ," ಅಂದರು ಮೇಟ್ರನ್. ಮುಂದಿನ ಸಲ ಅದರ ನಡುವೆ ಕೊಳ ಹುಟ್ಟಿತ್ತು. ಅದೂ ಚೆನ್ನಾಗಿತ್ತು. ಆಮೇಲೆ ಕೊಳದ ಮೇಲೆ ಸೇತುವೆ ಬಂತು.

"ವೀಲ್‌ಚೇರ್ ಜಾರಿದರೆ ಈಜೋಕೆ ಅನುಕೂಲ," ಅಂದರು ಯಜಮಾನರು, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು. "ಇದೆಲ್ಲ ಬೇಡ ಅಂತ ಹೇಳಬಾರದೇನೇ?"

"ಪುಕ್ಕಟೆ ಮಾಡ್ತಿರೋರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಸರ್ಜನ್ನನ್ನೇ ಆಪರೇಷನ್ ಕೋಣೆಯಿಂದ ಆಚೆ ಕಳಿಸಿದೋಳು ನೀನು."

"ಅವರಿಗೆ ಸಂಬಳ ಬರ್ತಿತ್ತು ಕಣ್ರೀ."

ಕೊನೆಗೊಂದು ಮಧ್ಯಾಹ್ನ ಆರ್ಕಿಟೆಕ್ಟ್ ರಟ್ಟಿನ ಮಾದರಿಯನ್ನೇ ಹೊತ್ತು ತಂದ. ಸೇತುವೆಯ ಆಚೆ ಈಗ ಕಾರಂಜಿ. ಅದಕ್ಕೆ ಜಾಗ ಸಾಲದು, ಮಂಚಗಳನ್ನಿಡುವ ಕೋಣೆ ಒಡೆಯಬೇಕು ಅಂದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೇಟ್ರನ್‌ರ ಹಳೆಯ ದನಿ ತಾನಾಗಿಯೇ ಹೊರಬಂತು.

"ಕೂತ್ಕೊಳ್ಳಿ."

ಅವನು ಕೂತ. ಅಭ್ಯಾಸಬಲದಿಂದ ಯಜಮಾನರೂ ಕೂತರು.

"ನನಗೆ ಕಾರಂಜಿ ಬೇಡ, ಕೊಳ ಬೇಡ. ಬೀದಿಯಿಂದ ಬಾಗಿಲಿಗೆ ಒಂದು ಇಳಿಜಾರು, ಹಿಡ್ಕೊಳ್ಳೋಕೆ ಒಂದು ಕಂಬಿ. ಮಳೆಗಾಲ ಶುರುವಾಗೋದ್ರೊಳಗೆ ಮುಗೀಬೇಕು. ಆಗುತ್ತಾ, ಇಲ್ವಾ?"

ಹೇಳಿ ಮುಗಿಸಿದ ಮೇಲೆ ಮೇಟ್ರನ್‌ಗೆ ಯೋಚನೆ ಹತ್ತಿತು. ಇವನು ಎದ್ದು ಹೋದರೆ ಇನ್ನೊಬ್ಬನನ್ನು ಎಲ್ಲಿ ಹುಡುಕುವುದು? ಆರ್ಕಿಟೆಕ್ಟ್ ಮಾತ್ರ ಹಗುರಾದವನಂತೆ ಕುರ್ಚಿಗೆ ಒರಗಿದ.

"ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ? ನನ್ನ ಗಿರಾಕಿಗಳು ನಕ್ಷೆ ಹಿಡಿಸಿದರೂ ಜಗಳ ಆಡ್ತಾರೆ. ನೀವು ಬರೀ ಚೆನ್ನಾಗಿದೆ ಅಂತೀರಿ. ಹಿಡಿಸಿಲ್ಲ, ದಾಕ್ಷಿಣ್ಯಕ್ಕೆ ಹೇಳ್ತಿದ್ದಾರೆ ಅಂದ್ಕೊಂಡು ಒಂದೊಂದೇ ಸೇರಿಸ್ತಾ ಹೋದೆ. ಕಾರಂಜಿ ಮಾಡೋದು ನನಗೂ ಗೊತ್ತಿಲ್ಲ."

ಹೊಸ ನಕ್ಷೆ ಅದೇ ವಾರ ಬಂತು. ಕಟ್ಟಬೇಕಾದರೆ ಮಳಿಗೆಯ ಮಾಲೀಕರ ಜೊತೆ ಒಪ್ಪಂದವಾಗಬೇಕಿತ್ತು. ಮೇಟ್ರನ್ ಪಕ್ಕದ ಬೀದಿಯ ವಕೀಲೆಯ ಬಳಿ ಹೋದರು. ಈ ಸಲ ‘ನಿಮ್ಮಿಷ್ಟ’ ಅನ್ನಲಿಲ್ಲ.

"ಒಂದೇ ಒಂದು ಒಪ್ಪಂದ ಪುಕ್ಕಟೆ ಬರ್ಕೊಡಮ್ಮ. ಶುಕ್ರವಾರಕ್ಕೆ ಬೇಕು. ನಡುವೆ ನಾನೇ ಫೋನ್ ಮಾಡಿ ಕೇಳ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು, ಬೇಜಾರಿಲ್ಲ."

"ಇಷ್ಟೇನಾ?" ಅಂದಳು ವಕೀಲೆ. "ಬೇರೊಂದು ಸಂಸ್ಥೆಯವರು ನನ್ನನ್ನ ಸಲಹೆಗಾರ್ತಿ ಅಂತ ಕೂರಿಸಿ ವರ್ಷವಿಡೀ ಟೀ ಕುಡಿಸಿದ್ರು. ಏನು ಸಲಹೆ ಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ."

ಮಳೆಗೆ ಮೊದಲೇ ಇಳಿಜಾರು ಸಿದ್ಧವಾಯಿತು. ಸುದ್ದಿ ಹಬ್ಬಿ ಒಬ್ಬ ಫೋಟೋಗ್ರಾಫರ್ ತಾನಾಗಿಯೇ ಬಂದ, ಉಚಿತವಾಗಿ ಚಿತ್ರ ತೆಗೆಯುತ್ತೇನೆಂದ. ಯಾವ ಚಿತ್ರ, ಯಾವಾಗ, ಯಾರಿಗೆ ತೋರಿಸಲಿಕ್ಕೆ ಎಂದು ಮೇಟ್ರನ್ ಕೇಳಿದರು. "ಕಲೆ ಹಾಗೆಲ್ಲ ಹೇಳಿ ಬರಲ್ಲ," ಅಂದ. ಅವನಿಗೆ ಒಳ್ಳೆಯ ಕಾಫಿ ಕೊಟ್ಟು, ಇಳಿಜಾರಿನ ತುದಿಯವರೆಗೂ ಬಂದು, ಅವನ ಕ್ಯಾಮೆರಾ ಚೀಲದಿಂದ ಹೊರಬರುವ ಮೊದಲೇ ನಗುನಗುತ್ತ ಬೀಳ್ಕೊಟ್ಟರು.