ಹುಟ್ಟು ಎತ್ತಿಟ್ಟ ಅಂಬಿಗ

ಗೆಳೆಯರೇ, ಇಂದು ಆಚೆ ದಡದ ಶಾಲೆಗೆ ಹೋಗಲು ಹಿನ್ನೀರಿನಲ್ಲಿ ಅಂಬಿಗ ಯಂಕಪ್ಪನ ಹರಗೋಲು ಹತ್ತಿದ್ದೆ. ರೀವ ಎಂಬ ನೀರುಹಕ್ಕಿಗಳು ಮೊಟ್ಟೆ ಇಟ್ಟ ಮರಳುದಿಬ್ಬ ಬಂದೊಡನೆ, ಅವು ಬೆದರದಿರಲೆಂದು, ರೂಢಿಯಂತೆ ಅವನು ಹುಟ್ಟು ಎತ್ತಿಟ್ಟ. ಅಷ್ಟರಲ್ಲಿ ಮೋಟಾರು ದೋಣಿಯೊಂದು, ಹಗ್ಗ ಹಿಡಿದು ಕಾಲಿಗೆ ಕಟ್ಟಿದ ಹಲಗೆಗಳ ಮೇಲೆ ನೀರಲ್ಲಿ ಜಾರುತ್ತಿದ್ದ ಅಣೆಕಟ್ಟಿನ ಸಾಹೇಬರ ಅಳಿಯನನ್ನು ಎಳೆಯುತ್ತಾ ನೇರ ನಮ್ಮತ್ತ ನುಗ್ಗಿತು.

“ಹುಟ್ಟು ಹಾಕೋ ಯಂಕಪ್ಪ! ನನಗ ಈಜು ಬರಂಗಿಲ್ಲ!”

“ನಾವು ಸರದ್ರ ಅವ್ರು ದಿಬ್ಬದ ಹತ್ರ ಹೋಗ್ತಾರ್ರಿ ಮಾಸ್ತರ. ತೆರಿ ಬಡದ್ರ ಮೊಟ್ಟಿಗೂ ಈಜು ಬರಂಗಿಲ್ರಿ.”

ನಾನು ಎರಡೂ ಕೈ ಎತ್ತಿ ಕಿರುಚಿದೆ. ದೋಣಿ ಗಕ್ಕನೆ ತಿರುಗಿ ಬಂದ ದಾರಿ ಹಿಡಿಯಿತು. ಹರಗೋಲು ಗರಗರ ಸುತ್ತಿತು.

ಸಂಜೆ ಊರೆಲ್ಲ ಒಂದೇ ಸುದ್ದಿ: “ಮಾಸ್ತರು ಹಕ್ಕಿ ಉಳಿಸ್ಯಾರ!” ನಾನು ಕಿರುಚಿದ್ದು ಯಾರ ಜೀವಕ್ಕೆಂದು ಯಂಕಪ್ಪನಿಗೆ ಮಾತ್ರ ಗೊತ್ತು. ನಾಳೆಯೂ ಅವನದೇ ಹರಗೋಲು ಹತ್ತಬೇಕು.