ಒಂದು ಚಿಟಿಕೆ ಇಂಗು

ನನ್ನ ತಂಗಿಗೆ ಗೋಧಿ ಆಗುತ್ತಿರಲಿಲ್ಲ. ಬೆಂಗಳೂರಿನ ಡಾಕ್ಟರೊಬ್ಬರು ಅದಕ್ಕೆ ಸೀಲಿಯಾಕ್ ಎಂಬ ಹೆಸರು ಹೇಳಿದ್ದರು. ಒಂದು ಚೂರು ಒಳಗೆ ಹೋದರೂ ಕರುಳು ಕೆಡುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ, ರವೆ ಮೈದಾ ಎಲ್ಲವೂ ಗೋಧಿಯೇ, ಪೂರಾ ಬಿಟ್ಟರೆ ಮಗು ಬೆಳೆಯುತ್ತದೆ ಎಂದು ಬಿಡಿಸಿ ಹೇಳಿದ್ದರು. ರಾಗಿಮುದ್ದೆ ಉಣ್ಣುವ ಮನೆ ನಮ್ಮದು, ಇದೇನು ಮಹಾ ಎಂದುಕೊಂಡೆವು. ಎಪ್ಪತ್ತರ ದಶಕದ ಶುರುವಿನ ಮಾತು. ಎಂಟನೇ ಕ್ಲಾಸಿನ ಅವಳು ನೋಡಲು ನಾಲ್ಕನೇ ಕ್ಲಾಸಿನವಳಂತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು.

ಕಷ್ಟವೆಲ್ಲ ಇದ್ದದ್ದು ಮನೆಯಿಂದಾಚೆ. ನಾವಿಬ್ಬರೂ ಹಳ್ಳಿಯಿಂದ ಹೊಸಕೋಟೆಯ ಹೈಸ್ಕೂಲಿಗೆ ನಡೆದು ಬರುತ್ತಿದ್ದೆವು. ಬಸ್ ಸ್ಟ್ಯಾಂಡಿನ ಹೋಟೆಲಿನವನನ್ನು ಕೇಳಿದರೆ, "ಗೋಧಿನಾ? ದೋಸೆಗೆ ಯಾರಮ್ಮ ಗೋಧಿ ಹಾಕ್ತಾರೆ? ಗರಿಗರಿ ಬರ್ಲಿ ಅಂತ ಒಂದಿಷ್ಟು ರವೆ ಹಾಕ್ತೀವಿ ಅಷ್ಟೇ," ಎನ್ನುತ್ತಿದ್ದ. ರವೆ ಗೋಧಿಯದಲ್ಲವೇ ಎಂದರೆ ನಕ್ಕುಬಿಡುತ್ತಿದ್ದ. ಬೋಂಡಾ ಮಾರುವವಳಿಗೆ ಮೈದಾ ಅಂದರೆ ಮೈದಾ, ಅದು ಯಾವ ಕಾಳಿನದು ಎಂಬ ಯೋಚನೆಯೇ ಇರಲಿಲ್ಲ. ಅವರ್ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಒಬ್ಬೊಬ್ಬರ ಹತ್ತಿರವೂ ಜಗಳಕ್ಕೆ ನಿಲ್ಲುತ್ತಿದ್ದೆ. ತಂಗಿ ನನ್ನ ಲಂಗ ಎಳೆದು, "ಬಾ ಅಕ್ಕ, ಹೋಗೋಣ," ಎನ್ನುತ್ತಿದ್ದಳು.

ಅವಳಿಗೆ ಅಂತ ಉಳಿದದ್ದು ಒಂದೇ ಜಾಗ. ಮದ್ರಾಸು ರಸ್ತೆಯ ಬದಿಯ ಹುಣಸೆಮರದ ಕೆಳಗೆ ಅಜ್ಜಿಯೊಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಮಜ್ಜಿಗೆಯಲ್ಲಿ ಎಲ್ಲಿಯ ಗೋಧಿ? ಸ್ಕೂಲು ಬಿಟ್ಟ ಮೇಲೆ ಮಿಕ್ಕ ಹುಡುಗಿಯರ ಜೊತೆ ತಂಗಿಯೂ ಅಲ್ಲಿ ನಿಂತು ಕುಡಿಯುತ್ತಿದ್ದಳು. ಬೇರೆಲ್ಲೂ ಹಾಗೆ ಎಲ್ಲರಂತೆ ನಿಲ್ಲುವ ಭಾಗ್ಯ ಅವಳಿಗಿರಲಿಲ್ಲ. ಅಜ್ಜಿಗೆ ಅವಳ ಹೊಟ್ಟೆ ನೋಡಿ ಮರುಕ. "ವಾಯು ಕಣವ್ವ ಇದು, ಇಂಗು ಬಿದ್ರೆ ಇಳ್ದೋಯ್ತದೆ," ಎಂದು ಸೊಂಟದ ಚೀಲದಿಂದ ಒಂದು ಚಿಟಿಕೆ ಇಂಗು ತೆಗೆದು, ಅವಳ ಲೋಟಕ್ಕೆ ಮಾತ್ರ ಕದಡಿ ಕೊಡುತ್ತಿದ್ದಳು.

ಆದರೂ ತಂಗಿ ಬೆಳೆಯಲಿಲ್ಲ, ಭೇದಿ ನಿಲ್ಲಲಿಲ್ಲ. ಕದ್ದು ಏನೋ ತಿನ್ನುತ್ತಾಳೆ ಎಂದು ಅವ್ವ ಒಂದು ದಿನ ಅವಳಿಗೆ ಹೊಡೆದಳು. ನಾನು ತಡೆಯಲಿಲ್ಲ, ನನಗೂ ಅದೇ ಅನುಮಾನವಿತ್ತು.

ನಮ್ಮ ಮನೆಯ ಸಾರಿಗೆ ಬೆಳ್ಳುಳ್ಳಿಯೇ ಹೊರತು ಇಂಗಿನ ರೂಢಿ ಇರಲಿಲ್ಲ. ಒಂದು ಸಲ ಉಪ್ಪಿನಕಾಯಿಗೆಂದು ಅವ್ವ ತರಹೇಳಿದಳು. ಪೇಟೆಯ ಅಂಗಡಿಯವರು ಪೊಟ್ಟಣ ಕಟ್ಟುತ್ತಾ, "ಬರೀ ಇಂಗು ಯಾರಿಗಮ್ಮ ತಡ್ಕೊಳ್ಳೋಕಾಗುತ್ತೆ? ಮೈದಾಹಿಟ್ಟಲ್ಲಿ ಕಲಸಿರ್ತಾರೆ," ಎಂದರು.

ಅಲ್ಲಿಂದ ನೇರ ಹುಣಸೆಮರಕ್ಕೆ ಓಡಿದೆ. ಅಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಅಜ್ಜಿಯ ಮೇಲೆ ಕೂಗಾಡಿದೆ. "ನನ್ ತಂಗಿಗೆ ದಿನಾ ವಿಷ ಹಾಕ್ಕೊಡ್ತಿದ್ದೀಯಲ್ಲ, ನಿಂಗೇನ್ ಮಾಡಿದ್ಲು ಅವ್ಳು?" ಅಜ್ಜಿಗೆ ವಿಷ ಎಂಬ ಒಂದು ಮಾತು ಬಿಟ್ಟು ಬೇರೇನೂ ಅರ್ಥವಾಗಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿಕೊಂಡಳು. "ಒಳ್ಳೇದಾಗ್ಲಿ ಅಂತ ಹಾಕ್ದೆ ಕಣವ್ವ," ಎಂದಳು. ಇಂಗು ಬಿಟ್ಟು ಕೊಡು ಎಂದು ನಾನು ಹೇಳಿದ್ದರೆ ಸಾಕಿತ್ತು. ಅದೊಂದು ನನ್ನ ಬಾಯಿಗೆ ಬರಲಿಲ್ಲ.

ಆ ಚಿಟಿಕೆಯಿಂದ ಎಷ್ಟು ಕೆಟ್ಟಿತ್ತೋ ಯಾರು ಅಳೆದು ಹೇಳಬೇಕು? ಅದು ನಿಂತ ಮೇಲೆ ತಂಗಿಯ ಭೇದಿ ಕಡಿಮೆಯಾಯಿತು, ಕೆನ್ನೆ ಸ್ವಲ್ಪ ತುಂಬಿತು, ಅದೂ ನಿಜ. ನಾನು ಮಾಡಿದ್ದೇ ಸರಿ ಎಂದು ಕೆಲವು ದಿನ ಬೀಗಿಕೊಂಡೇ ಓಡಾಡಿದೆ.

ಬೇಸಿಗೆ ಬಂತು. ಪರೀಕ್ಷೆ ಮುಗಿದ ದಿನ ಹುಡುಗಿಯರೆಲ್ಲ ಮರದ ಕೆಳಗೆ ಸೇರಿದರು. ತಂಗಿಯೂ ಹೋಗಿ, "ಇಂಗು ಹಾಕ್ಬೇಡಜ್ಜಿ, ಬರೀ ಮಜ್ಜಿಗೆ ಕೊಡು," ಎಂದಳು. ಅಜ್ಜಿ ತಟ್ಟೆ ತೆಗೆದು ಮಡಕೆಯ ಬಾಯಿ ಮುಚ್ಚಿಬಿಟ್ಟಳು.

"ಬ್ಯಾಡ ಕಣವ್ವ. ನನ್ ಕೈಯಿಂದ ನಿಂಗೇನೂ ಬ್ಯಾಡ."

"ನೀರಾದ್ರೂ ಕೊಡಜ್ಜಿ."

ಅಜ್ಜಿ ತಲೆಯಲ್ಲಾಡಿಸಿದಳು. ನಾನು ನಾಚಿಕೆಯಿಂದ ರಸ್ತೆಯ ಈಚೆಗೇ ನಿಂತಿದ್ದೆ. ತಂಗಿ ವಾಪಸು ಬಂದು ನನ್ನ ಮುಖ ನೋಡದೆ, "ಅಜ್ಜಿಗೆ ನನ್ ಕಂಡ್ರೆ ಭಯ ಆಗುತ್ತೆ ಅಕ್ಕ," ಎಂದಳು. ಮಿಕ್ಕವರು ಕುಡಿದು ಮುಗಿಸುವವರೆಗೂ ನಾವಿಬ್ಬರೂ ಅಲ್ಲೇ ಬಿಸಿಲಲ್ಲಿ ನಿಂತಿದ್ದೆವು.