ಸೆರಗು ಕೇಳಿದರೆ ಅಂಚು ಕೊಟ್ಟ ಯಂತ್ರ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದೊಡ್ಡಬಳ್ಳಾಪುರದಲ್ಲಿ ನಮ್ಮಪ್ಪ ಸೀರೆಗೆ ಡಿಸೈನ್ ಬರೆಯುತ್ತಿದ್ದ ಮಗ್ಗದ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಗ್ರಾಫ್ ಹಾಳೆಯ ಚೌಕಗಳಿಗೆ ಬಣ್ಣ ತುಂಬುವುದು ನಿಂತಿತು. ಪರದೆಯ ಮೇಲೆ ಚಿತ್ರ ಬರೆದು, ಒಂದು ಆಜ್ಞೆ ಟೈಪ್ ಮಾಡಿದರೆ, ಪಕ್ಕದ ಯಂತ್ರ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿತ್ತು. ಆ ತೂತುಗಳ ಪ್ರಕಾರ ಮಗ್ಗ ಸೀರೆಯಲ್ಲಿ ಹೂವು ಎತ್ತುತ್ತದೆ. ಮೌಸ್ ಹಿಡಿದು ಬರೆಯುವುದನ್ನು ಅಪ್ಪ ಹದಿನೈದೇ ದಿನದಲ್ಲಿ ಕಲಿತುಬಿಟ್ಟರು. ಆದರೆ ಆ ಇಂಗ್ಲಿಷ್ ಆಜ್ಞೆ! ಒಂದಕ್ಷರ ತಪ್ಪಿದರೂ ಯಂತ್ರ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ.

ಕಂಪ್ಯೂಟರ್ ಕೋರ್ಸ್ ಮುಗಿಸಿ ಮನೆಯಲ್ಲಿದ್ದ ನನ್ನನ್ನು ಮಾಲೀಕರು ಕರೆಸಿದರು. ಅಪ್ಪನ ಎದುರಿಗೇ, "ನಾಳೆಯಿಂದ ನೀನೇ ಬಂದು ಕೂತ್ಕೊಳಮ್ಮ. ನಿಮ್ಮಪ್ಪ ಇನ್ನು ಮನೇಲಿ ಆರಾಮಾಗಿರ್ಲಿ" ಅಂದರು. ಅಪ್ಪ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನ ಕುರ್ಚಿ ಕಿತ್ತುಕೊಂಡು ನಾನು ಕೂರಬೇಕೇ?

"ಒಂದು ವಾರ ಟೈಮ್ ಕೊಡಿ ಸಾರ್. ಅಪ್ಪನೇ ಮಾಡ್ತಾರೆ" ಅಂದುಬಿಟ್ಟೆ.

ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದಲ್ಲ, ಅದಕ್ಕೆ ನಾನೊಂದು ಸಾಲು ಸೇರಿಸಿದೆ: KARD HODI. ಅದರ ಹಿಂದೆ, ಆ ಇಂಗ್ಲಿಷ್ ಆಜ್ಞೆಯನ್ನು ಅಪ್ಪನ ಬದಲು ತಾನೇ ಕೊಡುವ, ನನ್ನದೇ ನಾಲ್ಕು ಸಾಲಿನ ಸ್ಕ್ರಿಪ್ಟು. ಅದನ್ನು ಕರೆಯುವ ಆಜ್ಞೆಯ ಕೊನೆಗೆ %1 ಎಂದು ಬರೆದರೆ, ಒತ್ತಿದ ಫೈಲಿನ ಹೆಸರು ತಾನಾಗಿ ಆ ಜಾಗಕ್ಕೆ ಬಂದು ಕೂರುತ್ತದೆ. ಟೈಪ್ ಮಾಡುವ ರಗಳೆಯೇ ಇಲ್ಲ! ಹಿಗ್ಗಿ ಹೀರೇಕಾಯಿಯಾದೆ.

ವಾರ ಕಳೆದು ಮಾಲೀಕರು ಬಂದು ನಿಂತರು. ಅಪ್ಪ mavu seragu ಎಂಬ ಫೈಲಿನ ಮೇಲೆ ಬಲಗುಂಡಿ ಒತ್ತಿ KARD HODI ಆರಿಸಿದರು. ಯಂತ್ರ ಟಕಟಕ ಶುರುವಾಯಿತು. ಅಪ್ಪ ಮೊದಲ ಕಾರ್ಡನ್ನು ಬೆಳಕಿಗೆ ಹಿಡಿದು ಪೆಚ್ಚಾದರು. "ಇದು ಅಂಚು ಕಣಮ್ಮ. ಸೆರಗಲ್ಲ."

"ಊಟ ಮಾಡ್ಕೊಂಡ್ ಬರ್ತೀನಿ. ಆಮೇಲೂ ಹಿಂಗೇ ಆದ್ರೆ ನೀನೇ ಕೂತ್ಕೊ" ಎಂದು ಮಾಲೀಕರು ಹೋದರು.

ಯಾವ ಹೆಸರು ಸ್ಕ್ರಿಪ್ಟಿಗೆ ತಲುಪುತ್ತಿದೆಯೋ ಅದನ್ನು ಪರದೆಗೆ ತೋರಿಸುವ ಸಾಲೊಂದನ್ನು ಹಾಕಿ ನೋಡಿದೆ. ಬರೀ mavu! ಅಪ್ಪನದು ನೇಕಾರರ ಪದ್ಧತಿ. ಮೊದಲು ಚಿತ್ತಾರದ ಹೆಸರು, ಜಾಗ ಬಿಟ್ಟು ಸೀರೆಯ ಭಾಗ: mavu anchu, mavu seragu, mavu odalu. ಆ ಖಾಲಿ ಜಾಗ ಸಿಕ್ಕ ಕೂಡಲೇ ಹೆಸರು ಮುಗಿಯಿತೆಂದು ಸ್ಕ್ರಿಪ್ಟು ಮೊದಲ ಪದವನ್ನಷ್ಟೇ ಹಿಡಿದುಕೊಂಡಿತ್ತು. ಗ್ರಹಚಾರಕ್ಕೆ, ಅಪ್ಪ ಕಲಿಯುವಾಗ ಬರೆದಿದ್ದ ಅಂಚೊಂದು ಬರೀ mavu ಎಂಬ ಹೆಸರಿನಲ್ಲೇ ಅಲ್ಲಿತ್ತು; ಯಂತ್ರ ಅದನ್ನೇ ಹೊಡೆದಿತ್ತು.

"ಅರ್ಧ ಹೆಸ್ರಿಡ್ಕೊಂಡು ಓಡೋಗಿದ್ಯಾ ಮುಂಡೇದು?" ಅಪ್ಪ ನಕ್ಕರು. "ನಮ್ ಬೀದೀಲಿ ಬರೀ ‘ಅಣ್ಣಾ’ ಅಂತ ಕೂಗ್ನೋಡು, ನಾಲ್ಕು ಮನೆಯಿಂದ ಇಣುಕ್ತಾರೆ."

%1 ಅನ್ನು ಎರಡೂ ಕಡೆ ಉದ್ಧರಣ ಚಿಹ್ನೆಯೊಳಗೆ ಕೂರಿಸಿದೆ: "%1". ಅಷ್ಟೇ! ಈಗ ಪೂರ್ತಿ ಹೆಸರು ಒಂದೇ ಗಂಟಾಗಿ ಹೋಗುತ್ತಿತ್ತು. ಕುಣಿದುಬಿಡೋಣ ಅನ್ನಿಸಿತು.

ಮಾಲೀಕರು ಬಂದರು. ನಾನು ಬೇಕೆಂದೇ ದೂರ ಹೋಗಿ ಬಾಗಿಲ ಹತ್ತಿರ ನಿಂತೆ. ಅಪ್ಪ ಒಬ್ಬರೇ ಒತ್ತಿದರು. ಕಾರ್ಡು ಬಂತು. ಈ ಸಲ ಅದನ್ನು ಬೆಳಕಿಗೆ ಹಿಡಿದವರು ಮಾಲೀಕರು. ಅಪ್ಪ ಬೆರಳಿಟ್ಟು ತೂತುಗಳನ್ನು ಓದಿ ಹೇಳಿದರು, "ಸೆರಗಿನ ಮೊದಲ ಸಾಲು ಸಾರ್."

ಮಾಲೀಕರು ಕಾರ್ಡನ್ನೂ ಅಪ್ಪನನ್ನೂ ನೋಡಿ, ನನ್ನ ಕಡೆ ತಿರುಗಿದರು. "ಸರಿ, ಹಂಗಾದ್ರೆ ನಿಂಗೇನಮ್ಮ ಕೆಲ್ಸ ಇಲ್ಲಿ?"

"ಏನೂ ಇಲ್ಲ ಸಾರ್!" ಅಂದೆ. ಅಷ್ಟು ಖುಷಿಯಿಂದ ಯಾರೂ ಕೆಲಸ ಕಳೆದುಕೊಂಡಿರಲಿಕ್ಕಿಲ್ಲ.